ಕನ್ನಡಿಯಲ್ಲಿ ಸಾಹೇಬರ ತುಟಿ

ಬಸ್ಸಿನ ಡ್ರೈವರನ ತಲೆಯ ಮೇಲೆ ಒಂದು ಕನ್ನಡಿ ಇರುತ್ತದೆ. ಹಿಂದೆ ಜನ ಹತ್ತಿದರೋ ಇಳಿದರೋ ನೋಡಿಕೊಳ್ಳುವುದಕ್ಕೆ. ಒಂದು ಮಂಗಳವಾರ ನಾನು ಆ ಕನ್ನಡಿಯನ್ನು ತಿರುಚಿ, ಎಡಗಡೆ ಸೀಟಿನಲ್ಲಿ ಕೂತ ಮೋಟಾರ್ ಇನ್ಸ್‌ಪೆಕ್ಟರ್ ಸಾಹೇಬರ ತುಟಿ ಕಾಣುವ ಹಾಗೆ ಇಟ್ಟುಕೊಂಡು ಲೈಸೆನ್ಸಿನ ಪರೀಕ್ಷೆ ಕೊಟ್ಟೆ. ಯಾಕೆಂದರೆ ನನಗೆ ಮಾತು ಕೇಳಿಸುತ್ತಿರಲಿಲ್ಲ. ಅದು ಅವರಿಗೆ ತಿಳಿದರೆ ಲೈಸೆನ್ಸು ಸಿಕ್ಕುವುದಿಲ್ಲ ಎಂದು ನಾನು ನಂಬಿದ್ದೆ.

ಇದನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ನಕ್ಕು ನಕ್ಕು ನೆಲಕ್ಕೆ ಕೂತಳು. ಆಮೇಲೆ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ದೊಡ್ಡದು ಮಾಡಿ, "ಇದನ್ನ ಬರಿ ಅಜ್ಜಾ" ಅಂದಳು. ನಾನು ಕಲಿತದ್ದು ಮೂರನೇ ಕ್ಲಾಸು. ಅವಳೇ ತನ್ನ ಹಳೆಯ ನೋಟುಬುಕ್ಕು ಕೊಟ್ಟಿದ್ದಾಳೆ, ಹಿಂದಿನ ಹಾಳೆಗಳು ಖಾಲಿ ಇವೆ. ಈಗ ನನಗೆ ಸಂತೋಷ ಎಂದರೆ ಒಲೆ ಆರಿಸಿದ ಮೇಲೂ ಉಕ್ಕುವ ಹಾಲಿನ ಹಾಗೆ. ಬೆಳಕು ಹರಿದರೆ ಸಂತೋಷ, ಅವಳು ಜಡೆ ಹಾಕಿಸಿಕೊಳ್ಳಲು ಹಟ ಮಾಡಿದರೆ ಸಂತೋಷ, ಬೀದಿಯಲ್ಲಿ ಯಾರದೋ ಎಮ್ಮೆ ಕರು ಹಾಕಿದರೂ ಸಂತೋಷ. ಮಗಳು ಬೈಯುತ್ತಾಳೆ, "ಈ ವಯಸ್ಸಿಗೆ ಹಿಂಗೆ ಕುಣಿಬ್ಯಾಡ, ಜನ ಏನಂತಾರ" ಎಂದು. ಅನ್ನಲಿ.

ಆದರೆ ನಾನು ಬರೆಯಬೇಕಾದ ವರ್ಷದಲ್ಲಿ ಇದು ಯಾವುದೂ ಇರಲಿಲ್ಲ. ನಯಾ ಪೈಸೆ ಬಂದು ಒಂದೆರಡು ವರ್ಷ ಆಗಿತ್ತು. ಆ ವರ್ಷ ನನಗೆ ಜೋಮು ಹಿಡಿದಿತ್ತು. ಕಾಲಿಗಲ್ಲ, ಕೈಗಲ್ಲ, ಇಡೀ ನನಗೇ.

ಯುದ್ಧದ ಕಾಲದಲ್ಲಿ ನಾನು ದಾವಣಗೆರೆ ಹರಿಹರದ ನಡುವೆ ಬಸ್ಸು ಓಡಿಸುತ್ತಿದ್ದೆ. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಹೊಗೆಯಲ್ಲೇ ಇಂಜಿನ್ನು ನಡೆಸುತ್ತಿದ್ದ ದಿನಗಳು. ಮದುವೆಯಾಗಿ ಮಗಳು ಹುಟ್ಟಿ, ಅವಳಿಗೆ ಐದು ವರ್ಷ ತುಂಬಿದ ಮೇಲೆ ಹೆಂಡತಿ, "ದಿನಾ ಮನಿಗೆ ಬರೋ ಕೆಲಸ ಹಿಡೀರಿ" ಅಂದಳು. ದಾವಣಗೆರೆಯಲ್ಲಿ ಮಿಲ್ಲಿಗೆ ಬರವೇ? ಒಂದು ಮಿಲ್ಲಿನ ಮಗ್ಗದ ಖಾತೆಗೆ ಸೇರಿದೆ. ಹದಿಮೂರು ವರ್ಷ ಅಲ್ಲೇ. ಲೈಸೆನ್ಸನ್ನು ಮತ್ತೆ ಮಾಡಿಸದೆ ಬಿಟ್ಟೆ, ಅದು ಪೆಟ್ಟಿಗೆಯಲ್ಲೇ ಸತ್ತುಹೋಯಿತು.

ಮಗ್ಗದ ಖಾತೆ ಎಂದರೆ ಸದ್ದಿನ ಮನೆ. ನೂರಾರು ಮಗ್ಗಗಳು ಒಟ್ಟಿಗೆ ಹೊಡೆಯುವಾಗ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಆದ್ದರಿಂದ ನಾವೆಲ್ಲ ತುಟಿ ನೋಡಿ ಮಾತು ತಿಳಿಯುತ್ತಿದ್ದೆವು, ಕೈಸನ್ನೆಯಲ್ಲಿ ಉತ್ತರ ಕೊಡುತ್ತಿದ್ದೆವು. ಬೆರಳೆರಡನ್ನು ಕತ್ತರಿ ಮಾಡಿದರೆ ಎಳೆ ಹರಿದಿದೆ. ಕೈ ಎತ್ತಿ ಸುತ್ತು ತಿರುಗಿಸಿದರೆ ಮಗ್ಗ ಓಡಿಸು. ಎರಡು ಬೆರಳು ತುಟಿಗೆ ತಾಗಿಸಿ ಮುಂದಕ್ಕೆ ಆಡಿಸಿದರೆ, ತಿಳಿಯಲಿಲ್ಲ, ಇನ್ನೊಮ್ಮೆ ಹೇಳು. ಹೀಗೆ ಸಂಸಾರದ ಸುದ್ದಿ, ಚಾಡಿ, ನಮ್ಮನ್ನು ದುಡಿಸುವ ಜಾಬರನ ಮೇಲಿನ ಬೈಗುಳ ಎಲ್ಲ ನಡೆಯುತ್ತಿತ್ತು, ಬಾಯಿಂದ ಸದ್ದಿಲ್ಲದೆ. ಕಿವಿ ಹೋಗುತ್ತಿರುವುದು ನಮಗೆ ಗೊತ್ತಾಗಲೇ ಇಲ್ಲ. ಅದರ ಕೆಲಸವನ್ನು ಕಣ್ಣು ಮಾಡುತ್ತಿತ್ತಲ್ಲ.

ಆಮೇಲೆ ಹೆಂಡತಿಗೆ ಜ್ವರ ಬಂತು, ಒಂಬತ್ತನೇ ದಿನ ಹೋದಳು. ಅವಳು ಕೊನೆಗೆ ಏನೋ ಅಂದಳು. ಗೋಡೆಯ ಕಡೆ ಮುಖ ಮಾಡಿಕೊಂಡು ಅಂದಳು. ನನಗೆ ತಿಳಿಯಲಿಲ್ಲ. ಅದರ ಮೇಲೆ ಇನ್ನೇನೂ ಬರೆಯುವುದಿಲ್ಲ.

ಮುಂದಿನ ವರ್ಷ ಮಿಲ್ಲಿನವರು ಮೂರನೇ ಪಾಳಿ ನಿಲ್ಲಿಸಿದರು. ಮನೆಗೆ ಕಳಿಸಿದವರಲ್ಲಿ ನಾನೂ ಒಬ್ಬ. ಅದೇ ವಾರ ಮಗಳನ್ನು ಕೊಟ್ಟ ಊರು ಕೊಕ್ಕನೂರಿನಿಂದ ಆಳು ಬಂದು, ನಿಮ್ಮ ಮಗಳು ಹೆತ್ತಳು, ಹೆಣ್ಣು ಕೂಸು, ಎಂದು ಸಕ್ಕರೆ ಕೊಟ್ಟ. "ಒಳ್ಳೇದಾತು" ಅಂದೆ. ಸಕ್ಕರೆ ಬಾಯಿಗೆ ಹಾಕಿಕೊಂಡು ಚಪ್ಪಲಿ ಹೊಲಿಸಲು ಹೋದೆ. ಆ ದಿನ ನನಗೆ ಅನ್ನಿಸಿದ್ದು ಅಷ್ಟೇ, ಚಪ್ಪಲಿಯ ಉಂಗುಟ ಹರಿದಿದೆ ಎಂದು.

ಕೂಸು ನೋಡಲು ಹೋದಾಗ ಮಗಳು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಇನ್ನ ಅಲ್ಲೇನೈತಿ ನಿನಗ? ಇಲ್ಲೇ ಇದ್ದುಬಿಡು" ಅಂದಳು. ಅಳಿಯನೂ ಅಂದ. ಬೀಗರು ಒಳ್ಳೆಯವರು, ಅವರೂ ಅಂದರು. ಒಳ್ಳೆಯವರಾದ್ದರಿಂದಲೇ ಅದು ಕಷ್ಟ. ಮಗಳನ್ನು ಕೊಟ್ಟ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು, ಅವರು ಕರೆದಾಗ ಎದ್ದು, ಹಾಕಿದಷ್ಟು ಉಂಡು, ಮತ್ತೆ ಮಲಗುವುದು. ನಮ್ಮಲ್ಲಿ ಅಂಥವರನ್ನು ಯಾರೂ ಎದುರಿಗೆ ಬೈಯುವುದಿಲ್ಲ. ಅವರ ಎಲೆಗೆ ತುಪ್ಪ ಸ್ವಲ್ಪ ಹೆಚ್ಚೇ ಬೀಳುತ್ತದೆ. ಆ ತುಪ್ಪ ನೆನೆದು ನನಗೆ ಭಯವಾಗುತ್ತಿತ್ತು. ಜೋಮು ಹಿಡಿದಿದ್ದರೂ ಇದೊಂದು ಚುಚ್ಚುತ್ತಿತ್ತು. ಅವತ್ತು ಚಹಾ ಕುಡಿದು, ಉಣ್ಣದೆ, ಎದ್ದು ಬಂದೆ.

ಹರಿಹರದಲ್ಲಿ ಒಬ್ಬ ಬಸ್ಸಿನ ಯಜಮಾನರಿದ್ದರು, ನನ್ನ ಹಳೆಯ ಡ್ರೈವರಿಕೆ ಕಂಡವರು. ಅವರ ಹರಿಹರ ಕೊಕ್ಕನೂರು ಬಸ್ಸಿಗೆ ಡ್ರೈವರು ಬೇಕಿತ್ತು. ನಾನು ಹೋಗಿ ನಿಂತೆ. ಅವರು ದೊಡ್ಡ ದನಿಯವರು, ಮೀಸೆ ಇಲ್ಲದವರು, ಅವರ ಮಾತೆಲ್ಲ ನನಗೆ ತಿಳಿಯಿತು.

"ಲೈಸನ್ಸ್ ತಗೊಂಡ್ ಬರ್ರಿ, ಸ್ಟೇರಿಂಗ್ ನಿಮ್ದು. ಆದ್ರ ಈ ತಿಂಗಳ ಕ್ಯಾಂಪಿನಾಗೇ ಆಗ್ಬೇಕು. ಇಲ್ಲಾಂದ್ರ ನಾ ಬ್ಯಾರೆಯವ್ರನ್ನ ನೋಡ್ತೀನಿ, ತಪ್ಪು ತಿಳಿಬ್ಯಾಡ್ರಿ."

ಇನ್ಸ್‌ಪೆಕ್ಟರ್ ಸಾಹೇಬರು ಚಿತ್ರದುರ್ಗದಿಂದ ತಿಂಗಳಿಗೊಮ್ಮೆ ದಾವಣಗೆರೆಗೆ ಬಂದು ಪರೀಕ್ಷೆ ಮಾಡಿ ಹೋಗುತ್ತಿದ್ದರು. ಇಪ್ಪತ್ತೆರಡು ದಿನ ಉಳಿದಿತ್ತು.

ಕಲಿಸಿದವನು ನನ್ನ ಹಳೆಯ ಗೆಳೆಯ, ಗ್ಯಾರೇಜಿನ ಮಿಸ್ತ್ರಿ. ಇದ್ದಿಲು ಬಸ್ಸಿನ ಕಾಲದಲ್ಲಿ ನಾವಿಬ್ಬರೂ ಒಂದೇ ಒಲೆಯ ಬೂದಿ ಬಳಿದವರು. ಅವನು ಮುಸಲ್ಮಾನ, ಆದರೆ ಅವನ ಮನೆಯಷ್ಟು ಚಂದದ ಕನ್ನಡ ಬೈಗುಳ ನಮ್ಮ ಕೇರಿಯಲ್ಲೂ ಇರಲಿಲ್ಲ. ಯಜಮಾನರ ಇನ್ನೊಂದು ಬಸ್ಸು ಮಧ್ಯಾಹ್ನ ಎರಡು ತಾಸು ದಾವಣಗೆರೆಯಲ್ಲಿ ಖಾಲಿ ನಿಲ್ಲುತ್ತಿತ್ತು. ಮುಂದೆ ಕೆಂಪಕ್ಷರದ ಎಲ್ ಬೋರ್ಡು ಕಟ್ಟಿ ಕೆ.ಬಿ. ಬಡಾವಣೆಗೆ ಒಯ್ಯುತ್ತಿದ್ದೆವು. ಅಲ್ಲಿ ಆಗ ಮನೆಗಳಿಗಿಂತ ಅಳತೆ ಕಲ್ಲುಗಳೇ ಹೆಚ್ಚು. ಅಗಲ ರಸ್ತೆ, ಜನವಿಲ್ಲ.

ಮೊದಲ ದಿನವೇ ಗೇರು ಹಾಕುವಾಗ ಮಿಸ್ತ್ರಿ ಎರಡೂ ಕಿವಿ ಮುಚ್ಚಿಕೊಂಡ. ಆ ಕಾಲದ ಗಾಡಿಗಳಲ್ಲಿ ಇಂಜಿನ್ನಿನ ದನಿ ಏರುವುದು ಇಳಿಯುವುದು ಕೇಳಿಸಿಕೊಂಡು, ಎರಡು ಸಲ ಕ್ಲಚ್ಚು ತುಳಿದು, ಸರಿಯಾದ ಗಳಿಗೆಗೆ ಗೇರು ಬೀಳಿಸಬೇಕಿತ್ತು. ನನಗೆ ದನಿ ಎಲ್ಲಿಂದ ಬರಬೇಕು? ಅವನು ಬಸ್ಸು ನಿಲ್ಲಿಸಲು ಕೈ ತೋರಿಸಿ ನನ್ನ ಎದುರಿಗೆ ಬಂದ.

"ದೋಸ್ತ್, ಖರೇ ಹೇಳು. ಕಿವಿ ಎಲ್ಲಿ ಬಿಟ್ಟು ಬಂದಿ?"

"ಮಿಲ್ನಾಗ."

"ಎಷ್ಟು ಐತಿ ಇನ್ನ?"

"ಮಾತು ತಿಳಿಯಲ್ಲ. ಏನೋ ಗುಂಯ್ ಅಂತೈತಿ."

ಅವನು ಬೀಡಿ ಹಚ್ಚಿದ. "ಸಾಹೇಬ್ರಿಗೆ ಗೊತ್ತಾದ್ರ ಬಿಲ್ಕುಲ್ ಬರಕೊಡಲ್ಲ ನೋಡು" ಅಂದ. ಆಮೇಲೆ, "ಚಪ್ಲಿ ಬಿಚ್ಚು" ಅಂದ.

ಬರಿಗಾಲಲ್ಲಿ ಹಲಗೆ ಮುಟ್ಟಿದರೆ ಇಂಜಿನ್ನು ಅಂಗಾಲಿಗೆ ತಿಳಿಯುತ್ತದೆ. ಮೂರು ದಿನ ಆಯಿತು ಅದನ್ನು ಹಿಡಿಯಲು. ಏರುವಾಗ ಸಣ್ಣ ನಡುಕ, ಇಳಿಯುವಾಗ ದಪ್ಪ ನಡುಕ, ನಡುವೆ ಒಂದು ಗಳಿಗೆ ಏನೂ ಇಲ್ಲದ ಹಾಗೆ. ಅಲ್ಲಿ ಗೇರು. ನಾಲ್ಕನೇ ದಿನ ಮಿಸ್ತ್ರಿ ಕಿವಿಯಿಂದ ಕೈ ತೆಗೆದ. ನನಗೆ ಖುಷಿ ಆಗಲಿಲ್ಲ. ಸರಿ, ಇದು ಆಯಿತು, ಮುಂದೇನು ಎಂದಷ್ಟೇ.

ಮುಂದೆ ಇದ್ದದ್ದು ಕೈಸನ್ನೆ. ಆಗ ದೀಪದ ಸನ್ನೆ ಎಲ್ಲಿತ್ತು, ಡ್ರೈವರು ಬಲಗೈ ಹೊರಗೆ ಹಾಕಿ ತೋರಿಸಬೇಕು. ಎಡಕ್ಕೆ ತಿರುಗುವುದಿದ್ದರೆ ಕೈಯನ್ನು ಸುತ್ತು ತಿರುಗಿಸುವುದು. ಮಿಲ್ಲಿನಲ್ಲಿ ಸುತ್ತು ತಿರುಗಿಸಿದರೆ ಮಗ್ಗ ಓಡಿಸು ಎಂದಲ್ಲವೇ. ಹದಿಮೂರು ವರ್ಷದ ಅಭ್ಯಾಸ. ಕೈ ಸುತ್ತು ತಿರುಗಿದ ಕೂಡಲೇ ನನ್ನ ಕಾಲು ತಾನೇ ವೇಗದ ಪೆಡಲು ಒತ್ತುತ್ತಿತ್ತು. ತಿರುವಿನಲ್ಲಿ ನಿಧಾನ ಆಗಬೇಕಾದ ಬಸ್ಸು ಗೂಳಿಯ ಹಾಗೆ ನುಗ್ಗುತ್ತಿತ್ತು. ಒಮ್ಮೆ ಅಳತೆ ಕಲ್ಲೊಂದನ್ನು ಬೀಳಿಸಿಬಿಟ್ಟೆ.

ಮಿಸ್ತ್ರಿ ಇಳಿದು ಕಲ್ಲನ್ನು ಮತ್ತೆ ನೆಟ್ಟ. "ಯಾರದೋ ಸೈಟು ಒಂದ್ ಗೇಣು ದೊಡ್ಡದಾತು ನೋಡು. ಅವನ ಆಶೀರ್ವಾದ ನಿನಗ ತಟ್ಟಲಿ" ಅಂದ.

ಈಗ ಇದನ್ನು ಬರೆಯುತ್ತ ನನ್ನ ಹೊಟ್ಟೆ ನಗುವಿನಿಂದ ನೋಯುತ್ತಿದೆ. ಅವತ್ತು ನಗಲಿಲ್ಲ. ಅವನ ತುಟಿ ಓದಿದೆ, ತಲೆ ಆಡಿಸಿದೆ, ಹತ್ತಿ ಕೂತೆ.

ಕನ್ನಡಿಯ ಉಪಾಯವೂ ಅವನದೇ. ಪರೀಕ್ಷೆಯಲ್ಲಿ ಸಾಹೇಬರು ಎಡಗಡೆ ಮುಂದಿನ ಸೀಟಿನಲ್ಲಿ ಕೂತು, ಎಡಕ್ಕೆ, ಬಲಕ್ಕೆ, ನಿಲ್ಲಿಸಿ ಎಂದು ಹೇಳುತ್ತಾರೆ. ರಸ್ತೆ ಬಿಟ್ಟು ಅವರ ಮುಖ ನೋಡುವಂತಿಲ್ಲ. ಕನ್ನಡಿ ತಿರುಚಿಟ್ಟರೆ ಕಣ್ಣು ಮೇಲೆತ್ತಿದರೆ ಸಾಕು. ಮಿಸ್ತ್ರಿ ಅದೇ ಸೀಟಿನಲ್ಲಿ ಕೂತು ದಿನಾ ತುಟಿ ಆಡಿಸಿದ. ನನಗೆ ಪರೀಕ್ಷೆ ಮಾಡಲಿಕ್ಕೆಂದು ನಡುನಡುವೆ, "ಎಡಕ್ಕ ತಿರುಗು, ನಿಮ್ಮಪ್ಪ ಕತ್ತೆ, ನಿಲ್ಸು" ಎಂದು ಸೇರಿಸುತ್ತಿದ್ದ. ನಾನು ಎಡಕ್ಕೆ ತಿರುಗಿ, ನಿಲ್ಲಿಸಿ, "ನಿಮ್ಮಪ್ಪ" ಎನ್ನುತ್ತಿದ್ದೆ. ಕೊನೆಯ ವಾರ ಒಂದೂ ಮಾತು ತಪ್ಪಲಿಲ್ಲ.

ಮಂಗಳವಾರ ಬಂತು. ಸಾಹೇಬರು ಮೈಸೂರಿನ ಕಡೆಯವರು, ತೆಳ್ಳಗೆ, ಕೋಟು ಹಾಕಿದವರು. ಮೀಸೆ ಸಣ್ಣದಿತ್ತು, ನೋಡಿ ಸಮಾಧಾನವಾಯಿತು. ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಕೂತ. ಪ್ರವಾಸಿ ಬಂಗಲೆಯಿಂದ ಹೊರಟೆವು. ಬಲಕ್ಕೆ ಅಂದರು, ತಿರುಗಿದೆ. ಎಡಕ್ಕೆ ಅಂದರು, ಕೈ ಸುತ್ತು ತಿರುಗಿಸಿದೆ, ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಬಸ್ಸು ಸಾಧುವಿನ ಹಾಗೆ ತಿರುಗಿತು. ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದೆ, ಹಿಂದೆ ಜಾರಲಿಲ್ಲ. ಹರಿಹರದ ರಸ್ತೆಗೆ ಬಿಡಿ ಅಂದರು. ಬಿಟ್ಟೆ. ಎರಡೂ ಕಡೆ ಮರಗಳು, ಎದುರಿಗೆ ಒಂದೆರಡು ಎತ್ತಿನ ಗಾಡಿ.

ಆಗ ಸಾಹೇಬರು ಕೋಟಿನಿಂದ ಬೆಳ್ಳಿಯ ಡಬ್ಬಿ ತೆಗೆದು ಎಲೆ ಅಡಿಕೆ ಹಾಕಿಕೊಂಡರು.

ಎಲೆ ಅಡಿಕೆ ತುಂಬಿದ ಬಾಯಿಯ ತುಟಿ ಓದುವುದು ಯಾವ ಮಿಲ್ಲಿನವನಿಂದಲೂ ಆಗುವುದಿಲ್ಲ. ಮಗ್ಗದ ಖಾತೆಯಲ್ಲಿ ಅದಕ್ಕೇ ಎಲೆ ಹಾಕಿದವನ ಜೊತೆ ಮಾತು ನಿಲ್ಲಿಸುತ್ತಿದ್ದೆವು. ಕನ್ನಡಿಯಲ್ಲಿ ನೋಡುತ್ತೇನೆ, ಕೆನ್ನೆ ಉಬ್ಬುತ್ತದೆ, ಗದ್ದ ಆಡುತ್ತದೆ, ತುಟಿ ಒಂದನ್ನೊಂದು ಉಜ್ಜುತ್ತದೆ. ಅದು ಮಾತೋ ಅಗಿಯುವುದೋ? ಹಿಂದೆ ಮಿಸ್ತ್ರಿಯ ಮುಖ ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ. ಸಾಹೇಬರು ಗದ್ದ ಎತ್ತಿ ಎರಡನೇ ಸಲ ಏನೋ ಅಂದರು. ಅಂದದ್ದು ಖಂಡಿತ, ಯಾಕೆಂದರೆ ಕಣ್ಣು ಕಿರಿದಾಯಿತು.

ನನ್ನ ಕೈ ನನ್ನನ್ನು ಕೇಳಲಿಲ್ಲ. ತಾನೇ ಎದ್ದು ಎರಡು ಬೆರಳು ತುಟಿಗೆ ತಾಗಿಸಿ, ಕನ್ನಡಿಯ ಕಡೆ ಆಡಿಸಿತು. ತಿಳಿಯಲಿಲ್ಲ, ಇನ್ನೊಮ್ಮೆ ಹೇಳು.

ಸಾಹೇಬರು ನನ್ನ ಕೈ ನೋಡಿದರು. ಆಮೇಲೆ ಕನ್ನಡಿ ನೋಡಿದರು. ಕನ್ನಡಿಯಲ್ಲಿ ನಮ್ಮಿಬ್ಬರ ಕಣ್ಣು ಕೂಡಿದವು. ಅವರು ಕಿಟಕಿಯಿಂದ ಹೊರಗೆ ಉಗುಳಿ, ಕೈ ಎತ್ತಿ ನಿಲ್ಲಿಸಲು ತೋರಿಸಿದರು. ಮರದ ಕೆಳಗೆ ನಿಲ್ಲಿಸಿದೆ.

"ಈ ಕನ್ನಡಿ ಯಾಕ್ರೀ ನನ್ನ ಮುಖ ನೋಡ್ತಾ ಇದೆ?" ಈಗ ಬಾಯಿ ಖಾಲಿ, ತುಟಿ ಸ್ಪಷ್ಟ.

ಹಿಂದಿನಿಂದ ಮಿಸ್ತ್ರಿ ಓಡಿ ಬಂದು, "ಸ್ಕ್ರೂ ಸಡ್ಲಾಗೈತಿ ಸಾಹೇಬ್ರೆ" ಅಂದ. ಅವನ ತುಟಿಯೂ ನನಗೆ ಕಂಡಿತು. ಇಪ್ಪತ್ತೆರಡು ದಿನ ನನಗಾಗಿ ಬಾಯಾಡಿಸಿದವನು ಇನ್ನೊಂದು ಸುಳ್ಳನ್ನೂ ನನಗಾಗಿಯೇ ಹೇಳುತ್ತಿದ್ದ. ನಾನು ಅಂದೆ, "ಅಲ್ರಿ. ನಾನೇ ತಿರುವಿಟ್ಟೀನ್ರಿ. ನನಗ ಮಾತು ಕೇಳಲ್ರಿ. ಮಗ್ಗದ ಖಾತ್ಯಾಗಿದ್ದೆ."

ಸಾಹೇಬರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನನ್ನನ್ನು ಕೆಳಗಿಳಿಸಿ ರಸ್ತೆಯಲ್ಲಿ ಐವತ್ತು ಹೆಜ್ಜೆ ಮುಂದೆ ನಡೆಯಲು ಹೇಳಿದರು. ಬಸ್ಸಿಗೆ ಬೆನ್ನು ಮಾಡಿ ನಿಲ್ಲಬೇಕು, ಹಾರನ್ನು ಕೇಳಿದಾಗೆಲ್ಲ ಕೈ ಎತ್ತಬೇಕು.

ನಿಂತೆ. ಎದುರಿಗೆ ಹರಿಹರದ ಕಡೆಯ ರಸ್ತೆ, ಬಿಸಿಲು. ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ತಿಳಿಯದೆ ನಿಲ್ಲುವುದು ನನಗೆ ಹೊಸದಲ್ಲ. ಸ್ವಲ್ಪ ಹೊತ್ತಿಗೆ ಬಹಳ ದೂರದಿಂದ, ಬಾವಿಯೊಳಗೆ ದನ ಕೂಗಿದ ಹಾಗೆ, ಒಂದು ದಪ್ಪ ದನಿ ಬಂತು. ಕೈ ಎತ್ತಿದೆ. ಮತ್ತೆ ಬಂತು, ಎತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮೋಸ ಹೋಗಬಾರದೆಂದು ಕೈ ಬಿಗಿ ಹಿಡಿದು ನಿಂತೆ. ಅಷ್ಟರಲ್ಲಿ ನನ್ನ ತೋಳನ್ನು ಸವರಿಕೊಂಡೇ ಒಂದು ಸೈಕಲ್ಲು ಮುಂದೆ ಹೋಯಿತು. ಸವಾರ ಹಿಂದೆ ತಿರುಗಿ, "ಬೆಲ್ ಹೊಡ್ದು ಹೊಡ್ದು ಸಾಕಾತು, ಕಿವ್ಯಾಗ ಹತ್ತಿ ಇಟ್ಕಂಡಿ ಏನ್?" ಎಂದು ಬೈದು ಹೋದ. ಮತ್ತೆ ಹಾರನ್ನು, ಮೂರು ಸಲ. ಮೂರು ಸಲವೂ ಎತ್ತಿದೆ.

ವಾಪಸು ಬಂದಾಗ ಸಾಹೇಬರು ಫಾರಮ್ಮು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು.

"ಗಾಡಿ ಚೆನ್ನಾಗಿ ಓಡಿಸ್ತೀರಿ. ಹಾರನ್ ಒಂದೂ ತಪ್ಪಲಿಲ್ಲ. ಕಾನೂನು ಕೇಳೋದು ಅಷ್ಟೇ, ಗಾಡಿಯ ಸದ್ದು ಕೇಳಬೇಕು ಅಂತ. ಸೈಕಲ್ ಬೆಲ್ಲು ಕೇಳಲಿಲ್ಲ, ಅದನ್ನ ನಾನು ನೋಡಿದೆ ಅನ್ನಬಹುದು, ನೋಡಲಿಲ್ಲ ಅನ್ನಬಹುದು." ನನಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. "ಲಾರಿಗೆ ಈಗಲೇ ಬರೆದುಕೊಡ್ತೀನಿ. ನೀವು ಕೇಳ್ತಾ ಇರೋದು ಬಸ್ಸಿಗೆ. ಬಾಗಿಲಲ್ಲಿ ಒಂದು ಮಗು ಜಾರಿತು ಅಂದುಕೊಳ್ಳಿ. ಕಂಡಕ್ಟರು ಕೂಗ್ತಾನೆ, ಸೀಟಿ ಊದ್ತಾನೆ. ನಿಮಗೆ ಕೇಳುತ್ತಾ? ನೀವೇ ಹೇಳಿ, ನೀವು ಹೇಳಿದ ಹಾಗೆ ಬರೀತೀನಿ."

ಇಪ್ಪತ್ತೆರಡು ದಿನ ನಾನು ಸಾಹೇಬರೊಬ್ಬರನ್ನು ದಾಟುವುದು ಹೇಗೆ ಎಂದು ಯೋಚಿಸಿದ್ದೆ. ಬಸ್ಸಿನಲ್ಲಿ ಜನ ಇರುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಈಗ ಕಣ್ಣಿಗೆ ಬಂದದ್ದು ಕೊಕ್ಕನೂರಿನ ಆ ಕೂಸು. ಅದರ ಮುಖ ನಾನು ಸರಿಯಾಗಿ ನೋಡಿಯೂ ಇರಲಿಲ್ಲ, ಬಟ್ಟೆಯ ಗಂಟೊಂದು ನೆನಪಿತ್ತು. ನಾಳೆ ಮಗಳು ಅದನ್ನು ಎತ್ತಿಕೊಂಡು ಹತ್ತುವುದು ಅದೇ ಬಸ್ಸು.

"ಬಸ್ ಬ್ಯಾಡ್ರಿ" ಅಂದೆ.

ಹಿಂದೆ ಮಿಸ್ತ್ರಿ ಹಣೆ ಬಡಿದುಕೊಂಡನಂತೆ. ಸಾಹೇಬರು ಲಾರಿಗೆ ಎಂದು ಬರೆದರು. ಬರೆದು, ಕನ್ನಡಿಯನ್ನು ತಾವೇ ಸರಿಯಾಗಿ ತಿರುಗಿಸಿ ಇಟ್ಟರು.

ಗ್ಯಾರೇಜಿಗೆ ವಾಪಸು ಬಂದೆವು. ಮಿಸ್ತ್ರಿ ನನ್ನ ಎದುರಿಗೆ ಬಂದು ನಿಂತ.

"ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾರ, ನೀ ಬಾಯಾಗಿಂದು ತಗದು ಕೊಟ್ಟಿ. ಹೋಗು, ಬೀಗರ ಪಡಸಾಲಿ ಕಾಯ್ತೈತಿ, ಕಂಬಳಿ ತಗೊಂಡ್ ಹೋಗು."

"ಹೋಗ್ತೀನಿ ಬಿಡು."

"ಹೋದ್ರ ಕಾಲ್ ಮುರಿತೀನಿ" ಅಂದು ಒಳಗೆ ಹೋದ.

ಹರಿಹರಕ್ಕೆ ಹೋಗಿ ಯಜಮಾನರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಬಂದೆ. ಅವರು ಬೇರೆಯವರನ್ನು ನೋಡಿಕೊಂಡರು. ಆಮೇಲಿನ ಹದಿನೈದು ದಿನ ಇಷ್ಟೇ. ಹಾಸಿಗೆ, ನಲ್ಲಿ, ಅಂಗಳ. ಲೈಸೆನ್ಸಿನ ಪುಸ್ತಕ ಬಂತು, ಫೋಟೋದಲ್ಲಿ ಇರುವವನು ಯಾರೋ ಅನ್ನಿಸಿತು. ಕಂಬಳಿ ಮಡಿಸಿ ಹಗ್ಗ ಕಟ್ಟಿಯೂ ಇಟ್ಟಿದ್ದೆ.

ಹದಿನಾರನೇ ದಿನ ಮಿಸ್ತ್ರಿ ಬಂದು ಬಾಗಿಲು ತಟ್ಟಿದನಂತೆ, ಕೇಳಲಿಲ್ಲ, ಕಿಟಕಿಯಿಂದ ನೀರು ಎರಚಿ ಎಬ್ಬಿಸಿದ. ಕಡರನಾಯಕನಹಳ್ಳಿಯ ಗೌಡರೊಬ್ಬರು ಲಾರಿ ಕೊಂಡಿದ್ದರು. ಜೋಳ, ಹತ್ತಿ, ಇಟ್ಟಿಗೆ, ಏನು ಸಿಕ್ಕರೆ ಅದು, ಹರಿಹರಕ್ಕೆ, ದಾವಣಗೆರೆಗೆ. "ನಾ ಎಲ್ಲಾ ಹೇಳೀನಿ. ಕಿವಿ ಇಲ್ಲ ಅಂದೆ. ಗೌಡ್ರು, ಇಟ್ಟಿಗಿ ಏನ್ ಮಾತಾಡ್ತಾವ, ಕಳಸು ಅಂದ್ರು" ಅಂದ.

ಒಂದು ವಾರ ಓಡಿಸಿದ ಮೇಲೆ ಕೊಕ್ಕನೂರಿಗೆ ಇಟ್ಟಿಗೆ ಇಳಿಸುವ ಕೆಲಸ ಬಿತ್ತು. ಲಾರಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಮಗಳ ಮನೆಗೆ ಹೋದೆ. ಅವಳು ನನ್ನ ಎಣ್ಣೆ ಬಟ್ಟೆ ನೋಡಿದಳು, ಹಿಂದೆ ನಿಂತ ಲಾರಿ ನೋಡಿದಳು. ಮೊದಲು ಅವಳಿಗೆ ಸಿಟ್ಟು ಬಂತು.

"ಹಂಗಾರ ಇಲ್ಲಿರಾಕ ಬರಲ್ಲ ನೀ?"

"ಬರ್ತೀನಿ, ಹೋಗ್ತೀನಿ. ನೆಂಟನಂಗ."

"ನೆಂಟ ಆದ್ರ ಉಂಡೇ ಹೋಗ್ಬೇಕು" ಅಂದಳು, ಇನ್ನೂ ಮುಖ ಗಂಟಿಕ್ಕಿಕೊಂಡೇ.

"ಹಾಕು. ಹಸಿದೀನಿ" ಅಂದೆ.

ಅವಳು ಕೂಸನ್ನು ನನ್ನ ತೊಡೆಗೆ ಹಾಕಿ ಒಳಗೆ ಹೋದಳು. ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ತಂದಿಟ್ಟಳು. ಮಗಳ ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ಮೊದಲ ಸಲ ಕೈ ತೊಳೆದು ಊಟಕ್ಕೆ ಕೂತದ್ದು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ರೊಟ್ಟಿ. ಪಲ್ಯಕ್ಕೆ ಉಪ್ಪು ಬಹಳ ಹೆಚ್ಚಾಗಿತ್ತು.

"ಉಪ್ಪು ಜಾಸ್ತಿ ಆಗೈತಿ" ಅಂದೆ.

"ಮೊಸರು ಕಲಸ್ಕೊ" ಅಂದಳು. ಕಲಸಿಕೊಂಡೆ. ಆಮೇಲೆ ಇನ್ನೊಂದು ರೊಟ್ಟಿ ಕೇಳಿದೆ.